ಹಾಲು ಮತ್ತು ಸೇಬಿನ ಲೆಕ್ಕ

ಜಾರ್ಜ್ ಆರ್ವೆಲ್ಲನ ‘ಅನಿಮಲ್ ಫಾರ್ಮ್’ ಎಂಬ ಪುಟ್ಟ ಕಾದಂಬರಿಯನ್ನು ಕಾಲೇಜಿನ ಪಠ್ಯವಾಗಿ ಓದಿದವರೆಲ್ಲರ ಬಳಿಯಲ್ಲಿಯೂ ಒಂದು ಪಟ್ಟಿ ಇರುತ್ತದೆ. ನೆಪೋಲಿಯನ್ ಎಂಬ ಹಂದಿಯೆಂದರೆ ಸ್ಟಾಲಿನ್. ಓಡಿಸಲ್ಪಟ್ಟ ಸ್ನೋಬಾಲ್ ಎಂದರೆ ಟ್ರಾಟ್‌ಸ್ಕಿ. ಕುಡುಕ ಯಜಮಾನ ಜೋನ್ಸ್ ಎಂದರೆ ರಷ್ಯದ ಕೊನೆಯ ಚಕ್ರವರ್ತಿ ಎರಡನೆಯ ನಿಕೋಲಸ್. ಪಕ್ಕದ ಜಮೀನಿನ ಫ್ರೆಡರಿಕ್ ಎಂದರೆ ಹಿಟ್ಲರ್. ಸತ್ತ ಮೇಲೆ ಸಿಗುವ ಸುಖದ ಬೆಟ್ಟದ ಕಥೆ ಹೇಳುವ ಸಾಕಿದ ಕಾಗೆ ಎಂದರೆ ಅಲ್ಲಿಯ ಚರ್ಚು. ಗಾಳಿಯಂತ್ರವೆಂದರೆ ಪಂಚವಾರ್ಷಿಕ ಯೋಜನೆ. ಎಡಬದಿಯಲ್ಲಿ ಪ್ರಾಣಿಯ ಹೆಸರು, ಬಲಬದಿಯಲ್ಲಿ ಮನುಷ್ಯನ ಹೆಸರು. ಎರಡೂ ಬದಿ ತಾಳೆಯಾದೊಡನೆ ಕೆಳಗೊಂದು ಗೆರೆ ಎಳೆದು ಪುಸ್ತಕವನ್ನು ಮುಚ್ಚಿಬಿಡುವುದು ವಾಡಿಕೆಯಾಗಿದೆ. ಜಮಾಖರ್ಚು ಬಲ್ಲ ಯಾರಿಗಾದರೂ ತಿಳಿದಿರುವ ಸಂಗತಿಯೊಂದು ಇಲ್ಲಿ ಮರೆತುಹೋಗುತ್ತದೆ. ತಾಳೆಪಟ್ಟಿಯ ಎರಡೂ ಬದಿ ಸಮನಾದ ಮಾತ್ರಕ್ಕೆ ಲೆಕ್ಕ ಶುದ್ಧವಾಗಿದೆ ಎಂದಾಗುವುದಿಲ್ಲ. ಬರೆಯದೆಯೇ ಬಿಟ್ಟ ಬಾಬತ್ತು ತಾಳೆಪಟ್ಟಿಗೆ ಸಿಕ್ಕುವುದೇ ಇಲ್ಲ.

ಬಿಟ್ಟುಹೋದ ಆ ಬಾಬತ್ತು ಹಾಲಿನದು. ಕಥೆಯ ಎರಡನೆಯ ಅಧ್ಯಾಯದಲ್ಲಿ ಪ್ರಾಣಿಗಳು ಜೋನ್ಸನನ್ನು ಓಡಿಸಿ, ಚಾವಟಿಗಳನ್ನು ಸುಟ್ಟು, ಮರುದಿನ ದೊಡ್ಡ ಕೊಟ್ಟಿಗೆಯ ಗೋಡೆಯ ಮೇಲೆ ಏಳು ವಿಧಿಗಳನ್ನು ಬಿಳಿಯ ಬಣ್ಣದಲ್ಲಿ ಬರೆಯುತ್ತವೆ. ಆ ಬಣ್ಣ ಒಣಗಿರಲಾರದು. ಅಷ್ಟರಲ್ಲಿ, ಹಾಲು ಕರೆಯದೆ ಬಿಟ್ಟ ಹಸುಗಳು ಕೆಚ್ಚಲು ಬಿಗಿದು ಕೂಗತೊಡಗುತ್ತವೆ. ಹಂದಿಗಳೇ ಕರೆದು ಐದು ಬಕೆಟ್ ತುಂಬಿಸುತ್ತವೆ. ಈ ಹಾಲನ್ನು ಏನು ಮಾಡುವುದೆಂದು ಯಾವುದೋ ಒಂದು ದನಿ ಕೇಳುತ್ತದೆ. ಜೋನ್ಸನು ಆಗಾಗ್ಗೆ ತಮ್ಮ ತೌಡಿನಲ್ಲಿ ಒಂದಿಷ್ಟು ಬೆರೆಸುತ್ತಿದ್ದುದನ್ನು ಒಂದು ಕೋಳಿ ನೆನಪಿಸುತ್ತದೆ. ನೆಪೋಲಿಯನ್ ಬಕೆಟ್ಟುಗಳಿಗೆ ಅಡ್ಡಲಾಗಿ ಬಂದು ನಿಂತು, ಹಾಲಿಗಿಂತ ಕೊಯ್ಲು ದೊಡ್ಡದೆಂದು ಹೇಳಿ ಎಲ್ಲರನ್ನೂ ಹೊಲಕ್ಕೆ ಕಳಿಸುತ್ತದೆ. ಅವುಗಳ ಮುಂದಾಳಾಗಿ ಹೊರಡುವುದು ಸ್ನೋಬಾಲ್. ಸಂಜೆ ಹಿಂದಿರುಗಿದಾಗ ಹಾಲು ಅಲ್ಲಿರುವುದಿಲ್ಲ. ನಿರಂಕುಶ ಯಜಮಾನನ ಕಾಲದಲ್ಲಿಯೂ ಕೋಳಿಯ ಬಾಯಿಗೆ ಬೀಳುತ್ತಿದ್ದ ನಾಲ್ಕು ತೊಟ್ಟು ಹಾಲು ಸಮಾನತೆಯ ವಿಧಿಗಳನ್ನು ಬರೆದ ದಿನವೇ ನಿಂತುಹೋಯಿತು. ಕೀಲಿಕೈಯ ಪಟ್ಟಿ ಹಿಡಿದು ಓದುವವರು ಈ ಕೋಳಿಯ ಮಾತನ್ನು ಗಮನಿಸಿದ್ದನ್ನು ಕಾಣುವುದು ಅಪರೂಪ.

ಘಟನೆಗಳ ಅನುಕ್ರಮವೂ ಇಲ್ಲಿ ಮುಖ್ಯ. ನೆಪೋಲಿಯನ್ ಒಂಬತ್ತು ನಾಯಿಮರಿಗಳನ್ನು ತಾಯಂದಿರಿಂದ ಅಗಲಿಸಿ ಅಟ್ಟದಲ್ಲಿ ಗುಟ್ಟಾಗಿ ಸಾಕಲು ತೊಡಗುವುದು ಮೂರನೆಯ ಅಧ್ಯಾಯದಲ್ಲಿ. ಅವು ಬೆಳೆದು ಸ್ನೋಬಾಲನ್ನು ಅಟ್ಟಿಸಿಕೊಂಡು ಹೋಗುವುದು ಐದನೆಯದರಲ್ಲಿ. ತಪ್ಪೊಪ್ಪಿಗೆಗಳೂ ಕಗ್ಗೊಲೆಗಳೂ ಏಳನೆಯದರಲ್ಲಿ. ಹಾಲು ಕಾಣೆಯಾಗುವುದು ಇವೆಲ್ಲಕ್ಕೂ ಮೊದಲು, ಪ್ರಶ್ನೆ ಕೇಳಿದವರನ್ನು ಕಚ್ಚಲು ಆ ಜಮೀನಿನಲ್ಲಿ ಹಲ್ಲು ಬಂದ ಒಂದು ಪ್ರಾಣಿಯೂ ಸಿದ್ಧವಾಗಿರದ ದಿನ. ಆಮೇಲೆ ಸೇಬಿನ ಸರದಿ. ಗಾಳಿಗೆ ಉದುರಿದ ಹಣ್ಣನ್ನು ಸಮನಾಗಿ ಹಂಚಿಕೊಳ್ಳುವುದು ಸಹಜವೆಂದು ಭಾವಿಸಿದ್ದ ಪ್ರಾಣಿಗಳಿಗೆ, ಅದೆಲ್ಲವೂ ಹಂದಿಗಳಿಗೇ ಮೀಸಲೆಂಬ ಆಜ್ಞೆ ಬರುತ್ತದೆ. ವಕ್ತಾರನಾದ ಸ್ಕ್ವೀಲರ್ ಕೊಡುವ ಕಾರಣಗಳು ಮೂರು: ಹಂದಿಗಳು ಬುದ್ಧಿಯ ಕೆಲಸ ಮಾಡುತ್ತವೆ, ಹಾಲುಹಣ್ಣು ಅವುಗಳ ಆರೋಗ್ಯಕ್ಕೆ ಅಗತ್ಯವೆಂದು ವಿಜ್ಞಾನ ಹೇಳಿದೆ, ಅವು ಸೊರಗಿದರೆ ಜೋನ್ಸ್ ಮರಳಿ ಬರುತ್ತಾನೆ. ಪ್ರತಿಯೊಂದು ವಿಷಯಕ್ಕೂ ಜಗಳವಾಡುತ್ತಿದ್ದ ನೆಪೋಲಿಯನ್ನೂ ಸ್ನೋಬಾಲೂ ಈ ಒಂದು ವಿಷಯದಲ್ಲಿ ಮಾತ್ರ ಪೂರ್ಣವಾಗಿ ಏಕಮತವಾಗಿದ್ದವೆಂದು ಕಥೆಗಾರನು ಯಾವ ಒತ್ತೂ ಕೊಡದೆ ಹೇಳಿ ಮುಂದೆ ಹೋಗುತ್ತಾನೆ.

ಇದು ಓದುವವರು ಕಷ್ಟಪಟ್ಟು ಹೊರಿಸಿದ ಅರ್ಥವಲ್ಲ. 1946ರ ಡಿಸೆಂಬರಿನಲ್ಲಿ ಅಮೆರಿಕದ ಬರಹಗಾರ ಡ್ವೈಟ್ ಮ್ಯಾಕ್‌ಡೊನಾಲ್ಡನಿಗೆ ಬರೆದ ಪತ್ರದಲ್ಲಿ ಆರ್ವೆಲ್ಲನೇ, ಹಂದಿಗಳು ಹಾಲನ್ನೂ ಸೇಬನ್ನೂ ತಮಗೇ ಇಟ್ಟುಕೊಂಡದ್ದು ಕಥೆಯ ತಿರುವೆಂದು ಹೇಳಿ, ಅದರ ಪಕ್ಕದಲ್ಲಿ ಆವರಣ ಚಿಹ್ನೆಯೊಳಗೆ ಒಂದು ಊರಿನ ಹೆಸರನ್ನು ಬರೆದನು: ಕ್ರೋನ್‌ಸ್ಟಾಟ್. ಉಳಿದ ಪ್ರಾಣಿಗಳು ಆಗಲೇ ಗಟ್ಟಿಯಾಗಿ ನಿಂತಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂಬುದು ಅವನ ಅಭಿಪ್ರಾಯ. ನಾಯಕರು ತಮ್ಮ ಕೆಲಸ ಮುಗಿಸಿದೊಡನೆ ಅವರನ್ನು ಕೆಳಗಿಳಿಸುವ ಎಚ್ಚರ ಜನರಲ್ಲಿ ಇಲ್ಲದಿದ್ದರೆ ಕ್ರಾಂತಿಯಿಂದ ಯಜಮಾನರು ಬದಲಾಗುತ್ತಾರೆಯೇ ಹೊರತು ಬೇರೇನೂ ಆಗದೆಂದು ಅವನು ಅದೇ ಪತ್ರದಲ್ಲಿ ಬರೆದಿದ್ದಾನೆ.

ಕ್ರೋನ್‌ಸ್ಟಾಟ್ ಎಂಬುದು ಪೆಟ್ರೋಗ್ರಾಡ್ ನಗರದ ಪಶ್ಚಿಮಕ್ಕೆ, ಫಿನ್ಲೆಂಡ್ ಕೊಲ್ಲಿಯ ದ್ವೀಪವೊಂದರಲ್ಲಿರುವ ನೌಕಾನೆಲೆ. ಅಲ್ಲಿಯ ನಾವಿಕರು 1917ರಲ್ಲಿ ಕ್ರಾಂತಿಯ ಮುಂಚೂಣಿಯಲ್ಲಿದ್ದವರು. 1921ರ ಫೆಬ್ರವರಿ 28ರಂದು ‘ಪೆಟ್ರೋಪಾವ್ಲೋವ್‌ಸ್ಕ್’ ಎಂಬ ಯುದ್ಧನೌಕೆಯಲ್ಲಿ ಅವರು 15 ಬೇಡಿಕೆಗಳ ಒಂದು ನಿರ್ಣಯವನ್ನು ಅಂಗೀಕರಿಸಿದರು. ಗುಪ್ತ ಮತದಾನದಿಂದ ಸೋವಿಯತ್ತುಗಳಿಗೆ ಹೊಸ ಚುನಾವಣೆ, ಕಾರ್ಮಿಕ ರೈತರಿಗೆ ವಾಕ್‌ಸ್ವಾತಂತ್ರ್ಯ, ಸಮಾಜವಾದಿ ಪಕ್ಷಗಳ ರಾಜಕೀಯ ಬಂದಿಗಳ ಬಿಡುಗಡೆ ಮುಂತಾದವು ಅದರಲ್ಲಿದ್ದವು. ಒಂಬತ್ತನೆಯ ಬೇಡಿಕೆ ಈ ಲೇಖನಕ್ಕೆ ಮುಖ್ಯವಾದದ್ದು: ಆರೋಗ್ಯಕ್ಕೆ ಹಾನಿಕರವಾದ ಉದ್ಯೋಗಗಳಲ್ಲಿರುವವರನ್ನು ಬಿಟ್ಟು, ದುಡಿಯುವ ಸಮಸ್ತರಿಗೂ ಸಮನಾದ ಪಡಿತರ ದೊರೆಯಬೇಕು. ಸ್ಕ್ವೀಲರನ ವಾದದೊಡನೆ ಇದನ್ನು ಹೋಲಿಸಬೇಕು. ಹಂದಿಗಳು ಕೇಳಿದ ವಿನಾಯಿತಿ ತಲೆಯಿಂದ ಕೆಲಸ ಮಾಡುವವರಿಗೆ, ಅಂದರೆ ತಮಗೆ. ನಾವಿಕರು ಕೊಟ್ಟ ವಿನಾಯಿತಿ ದುಡಿಮೆಯಿಂದಲೇ ದೇಹ ಸವೆಯುವವರಿಗೆ, ಅಂದರೆ ಪರರಿಗೆ. ಹೆಚ್ಚು ಪಾಲು ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಗೆ ಇಷ್ಟು ನಿರ್ಮಲವಾದ ಉತ್ತರವನ್ನು ಆ ಕ್ರಾಂತಿಯ ಯಾವ ಪಂಡಿತನೂ ಬರೆಯಲಿಲ್ಲ.

ಉತ್ತರ ಫಿರಂಗಿಗಳಿಂದ ಬಂದಿತು. ಮಾರ್ಚ್ 7ರಿಂದ ಗುಂಡಿನ ಸುರಿಮಳೆ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದುಬಂದ ಸೈನ್ಯದ ಕೈಗೆ ಮಾರ್ಚ್ 18ರಂದು ಕೋಟೆ ಬಿದ್ದಿತು. ಅದೇ ದಿನ ಪ್ಯಾರಿಸ್ ಕಮ್ಯೂನಿನ 50ನೆಯ ವಾರ್ಷಿಕ ದಿನವೂ ಆಗಿತ್ತು. ಸುಮಾರು 8,000 ಮಂದಿ ಮಂಜುಗಡ್ಡೆಯ ಮೇಲೆ ನಡೆದು ಫಿನ್ಲೆಂಡಿಗೆ ಪಾರಾದರು. ಆಗ ಮಾಸ್ಕೋದಲ್ಲಿ ಪಕ್ಷದ ಹತ್ತನೆಯ ಮಹಾಧಿವೇಶನ ನಡೆಯುತ್ತಿತ್ತು. ಅದರ ಪ್ರತಿನಿಧಿಗಳಲ್ಲಿ ಸುಮಾರು 300 ಮಂದಿ ಎದ್ದುಹೋಗಿ ದಾಳಿಯಲ್ಲಿ ಸೇರಿಕೊಂಡರು. ಉಳಿದವರು ಪಕ್ಷದೊಳಗಿನ ಬಣಗಳನ್ನು ನಿಷೇಧಿಸುವ ನಿರ್ಣಯವನ್ನು ಅಂಗೀಕರಿಸಿದರು. ದಾಳಿಯ ದಂಡನಾಯಕ ತುಖಾಚೆವ್‌ಸ್ಕಿ. ಯುದ್ಧಖಾತೆಯ ಮುಖ್ಯಸ್ಥ ಟ್ರಾಟ್‌ಸ್ಕಿ. ಸರ್ಕಾರದ ಮುಖ್ಯಸ್ಥ ಲೆನಿನ್. ಸ್ಟಾಲಿನ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದದ್ದು ಇದಾದ ಒಂದು ವರ್ಷದ ಮೇಲೆ, 1922ರ ಏಪ್ರಿಲಿನಲ್ಲಿ.

‘ಒಬ್ಬ ದುಷ್ಟನಿಂದ ಎಲ್ಲವೂ ಕೆಟ್ಟಿತು’ ಎಂಬ ವಾದಕ್ಕೆ ಇಲ್ಲಿಯೇ ನೆಲೆ ತಪ್ಪುತ್ತದೆ. ಸ್ನೋಬಾಲ್ ಗೆದ್ದಿದ್ದರೆ ಜಮೀನು ನಂದನವನವಾಗುತ್ತಿತ್ತೆಂದು ನಂಬುವ ಓದುಗರು ಇಂದಿಗೂ ಇದ್ದಾರೆ. ಸ್ನೋಬಾಲ್ ಚುರುಕು; ಸಮಿತಿಗಳನ್ನು ಕಟ್ಟುತ್ತದೆ; ಗಾಳಿಯಂತ್ರದ ನಕ್ಷೆ ಬರೆಯುತ್ತದೆ; ಯುದ್ಧದಲ್ಲಿ ಗಾಯಗೊಳ್ಳುತ್ತದೆ; ಅನ್ಯಾಯವಾಗಿ ಓಡಿಸಲ್ಪಡುತ್ತದೆ. ಕರುಣೆ ಅದರ ಕಡೆ ಹರಿಯುವುದು ಸಹಜ. ಆದರೆ ಸೇಬು ತಿಂದ ಬಾಯಿಯನ್ನು ದೇಶಭ್ರಷ್ಟತೆ ತೊಳೆಯುವುದಿಲ್ಲ. ಕ್ರೋನ್‌ಸ್ಟಾಟಿನ ದಮನದಲ್ಲಿ ತಾನು ಸ್ವತಃ ಭಾಗವಹಿಸಲಿಲ್ಲವೆಂದೂ, ಆದರೆ ಅದರ ರಾಜಕೀಯ ಹೊಣೆಯನ್ನು ಪೂರ್ಣವಾಗಿ ಹೊರುವೆನೆಂದೂ ಟ್ರಾಟ್‌ಸ್ಕಿ 1938ರಲ್ಲಿ ಬರೆದನು. ಪಶ್ಚಾತ್ತಾಪದ ಮಾತು ಅದರಲ್ಲಿಲ್ಲ. ಇದೇ ಟ್ರಾಟ್‌ಸ್ಕಿ 1936ರಲ್ಲಿ ಬರೆದ ಗ್ರಂಥದಲ್ಲಿ ಸೋವಿಯತ್ ಅಧಿಕಾರಿವರ್ಗದ ಹುಟ್ಟನ್ನು ಅಂಗಡಿಯ ದೃಷ್ಟಾಂತದಿಂದ ವಿವರಿಸಿದ್ದಾನೆ. ಸರಕು ಸಾಲದಾದಾಗ ಗಿರಾಕಿಗಳು ಸಾಲುಗಟ್ಟುತ್ತಾರೆ. ಸಾಲು ಉದ್ದವಾದಾಗ ಶಿಸ್ತಿಗೆ ಒಬ್ಬ ಪೊಲೀಸಿನವನು ಬೇಕಾಗುತ್ತಾನೆ. ಯಾರಿಗೆ ಕೊಡಬೇಕು, ಯಾರು ಕಾಯಬೇಕು ಎಂಬುದು ಆಮೇಲೆ ಅವನ ಕೈಯಲ್ಲಿ. ಅಂಗಡಿಯ ಗಲ್ಲದ ಮೇಲೆ ಕುಳಿತ ಯಾರೂ ಈ ವಿವರಣೆಗೆ ತಲೆದೂಗುತ್ತಾರೆ. ಆ ಸಾಲಿಗೆ ಮೊದಲ ಪೊಲೀಸಿನವನನ್ನು ನಿಲ್ಲಿಸಿದವರು ಯಾರೆಂಬ ಪ್ರಶ್ನೆಯನ್ನು ಮಾತ್ರ ಗ್ರಂಥಕರ್ತನು ತನಗೆ ತಾನೇ ಕೇಳಿಕೊಳ್ಳಲಿಲ್ಲ.

ಈ ವಿಷಯದಲ್ಲಿ ಕಥೆಯೂ ಪೂರ್ತಿ ನಿರ್ದೋಷಿಯಲ್ಲ. ಕ್ರಾಂತಿಯ ಕನಸನ್ನು ಬಿತ್ತಿ, ಬಂಡಾಯಕ್ಕೆ ಮೊದಲೇ ಸಾಯುವ ಮುದಿಹಂದಿ ಓಲ್ಡ್ ಮೇಜರ್ ಬಹುಮಟ್ಟಿಗೆ ಮಾರ್ಕ್ಸ್. ಅದರ ತಲೆಬುರುಡೆಯನ್ನು ಕೊರಡಿನ ಮೇಲಿಟ್ಟು ವಂದಿಸುವ ಪದ್ಧತಿ ಲೆನಿನ್ನನ ಸಮಾಧಿಯನ್ನು ನೆನಪಿಸುತ್ತದೆ. ಆದರೆ 1917ರಿಂದ ಐದಾರು ವರ್ಷ ಅಧಿಕಾರ ನಡೆಸಿದ ಲೆನಿನ್ನನಿಗೆ ಕಥೆಯಲ್ಲಿ ಹಂದಿಯೇ ಇಲ್ಲ. ಪಟ್ಟಿಯ ಬಲಬದಿಯಲ್ಲಿ ಇಷ್ಟು ದೊಡ್ಡ ಹೆಸರು, ಎಡಬದಿ ಖಾಲಿ. ಈ ಖಾಲಿ ಜಾಗದಲ್ಲಿಯೇ ‘ಆರಂಭ ಶುದ್ಧವಾಗಿತ್ತು’ ಎಂಬ ನಂಬಿಕೆ ಗೂಡು ಕಟ್ಟಿಕೊಂಡಿದೆ.

ಇನ್ನೊಂದು ಕಡೆಯವರ ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. 1991ರಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಯಾದ ಮೇಲೆ ಅವರ ದನಿ ಹೆಚ್ಚಾಯಿತು. ಸಮಾನತೆಯೆಂಬುದು ಪ್ರಕೃತಿವಿರುದ್ಧ, ಅದನ್ನು ಸಾಧಿಸಹೊರಟವರ ಗತಿ ಇಷ್ಟೇ ಎಂಬುದು ಈ ಕಥೆಯ ತಾತ್ಪರ್ಯವೆಂದು ಅವರು ಸಾರುತ್ತಾರೆ. ಈ ಮನೋಧರ್ಮದ ಅತ್ಯಂತ ಸಭ್ಯವಾದ ರೂಪ ಪುಸ್ತಕ ಅಚ್ಚಾಗುವ ಮೊದಲೇ ಕಾಣಿಸಿಕೊಂಡಿತ್ತು. ಹಸ್ತಪ್ರತಿಯನ್ನು ಒಬ್ಬರಾದ ಮೇಲೊಬ್ಬ ಪ್ರಕಾಶಕರು ಹಿಂದಿರುಗಿಸುತ್ತಿದ್ದ 1944ರ ಜುಲೈನಲ್ಲಿ, ಫೇಬರ್ ಸಂಸ್ಥೆಯ ನಿರ್ದೇಶಕನಾಗಿದ್ದ ಕವಿ ಟಿ. ಎಸ್. ಎಲಿಯಟ್ ತನ್ನ ನಿರಾಕರಣೆಯ ಪತ್ರದಲ್ಲಿ ಒಂದು ಆಕ್ಷೇಪ ಎತ್ತಿದನು: ಹಂದಿಗಳು ಉಳಿದವುಗಳಿಗಿಂತ ಬುದ್ಧಿವಂತವಾಗಿರುವುದರಿಂದ ಆಡಳಿತಕ್ಕೆ ಅವೇ ಅರ್ಹ, ಅಲ್ಲಿ ಕೊರತೆಯಾಗಿದ್ದದ್ದು ಲೋಕಹಿತವನ್ನು ಬಯಸುವ ಹಂದಿಗಳೇ ಹೊರತು ಹೆಚ್ಚಿನ ಕಮ್ಯುನಿಸಂ ಅಲ್ಲ. ಎಲಿಯಟ್ಟನು ಮಹಾಕವಿ, ಅದರಲ್ಲಿ ಸಂದೇಹವಿಲ್ಲ. ಆದರೆ ಈ ಮಾತು ಸ್ಕ್ವೀಲರನ ಬಾಯಿಗೆ ಅಚ್ಚುಕಟ್ಟಾಗಿ ಒಪ್ಪುತ್ತದೆ. ಬುದ್ಧಿ ಹೆಚ್ಚಿದ್ದವರಿಗೆ ಹೊಣೆ ಹೆಚ್ಚಿರಬೇಕೆಂದರೆ ಒಪ್ಪಬಹುದು. ಹಾಲು ಹೆಚ್ಚಿರಬೇಕೆಂದು ಯಾವ ನ್ಯಾಯ? ಸಾಧುಹಂದಿಯಾದರೂ ಲೆಕ್ಕ ಕೇಳುವವರಿಲ್ಲದ ಐದು ಬಕೆಟ್ಟುಗಳ ಮುಂದೆ ಎಷ್ಟು ಸಂಜೆ ಸಾಧುವಾಗಿ ಉಳಿದೀತು?

ಆರ್ವೆಲ್ಲನಿಗೆ ಸಮಾನತೆ ಪುಸ್ತಕದಿಂದ ಬಂದ ಪದವಾಗಿರಲಿಲ್ಲ. ಅವನು ಹುಟ್ಟಿದ್ದು 1903ರಲ್ಲಿ, ಬಿಹಾರದ ಮೋತಿಹಾರಿಯಲ್ಲಿ. ತಂದೆ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯ ನೌಕರ. ತಾನು 1922ರಿಂದ 1927ರವರೆಗೆ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದನು. ಹಾಲು ಯಾರ ಬಟ್ಟಲಿಗೆ ಹೋಗುತ್ತದೆಂಬುದನ್ನು ಬಟ್ಟಲಿನ ಕಡೆಯಿಂದಲೇ ನೋಡಿ ಬಲ್ಲವನು. 1936ರ ಡಿಸೆಂಬರಿನಲ್ಲಿ ಸ್ಪೇನಿಗೆ ಹೋಗಿ ಸೇರಿದ ಸ್ವಯಂಸೇವಕ ಪಡೆಯಲ್ಲಿ ಅಧಿಕಾರಿಗೂ ಸಾಮಾನ್ಯ ಯೋಧನಿಗೂ ಒಂದೇ ಸಂಬಳ, ಒಂದೇ ಊಟ, ಒಂದೇ ಉಡುಪು. ಚಳಿ, ಹೇನು, ತುಕ್ಕು ಹಿಡಿದ ಬಂದೂಕುಗಳ ನಡುವೆಯೂ ಆ ವ್ಯವಸ್ಥೆ ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡನು. 1937ರ ಮೇ ತಿಂಗಳಿನಲ್ಲಿ ಅವನ ಗಂಟಲಿಗೆ ಗುಂಡು ತಗಲಿತು. ಮರುತಿಂಗಳೇ, ಸೋವಿಯತ್ ಒತ್ತಡದಿಂದ ಅವನ ಪಕ್ಷ ನಿಷೇಧಕ್ಕೊಳಗಾಗಿ, ಜೊತೆಗಾರರು ಸೆರೆಮನೆ ಸೇರುತ್ತಿದ್ದಂತೆ, ಅವನು ಹೆಂಡತಿಯೊಡನೆ ಫ್ರಾನ್ಸಿಗೆ ಪಾರಾದನು. ಇಂಥವನ ಕೃತಿಯನ್ನು ಸಮಾನತೆಯ ಶವಸಂಸ್ಕಾರಕ್ಕೆ ಮಂತ್ರವಾಗಿ ಬಳಸುವವರು, ಕದ್ದ ಮಾಲನ್ನು ಮಾಲೀಕನ ಅಂಗಡಿಯ ಮುಂದೆಯೇ ಮಾರಲು ಕುಳಿತವರಂತೆ ಕಾಣುತ್ತಾರೆ.

ಪ್ರಾಣಿಕಥೆಯ ಪ್ರಕಾರದಲ್ಲಿಯೇ ಒಂದು ಅಪಾಯವಿದೆಯೆಂಬುದನ್ನು ಒಪ್ಪಲೇಬೇಕು. ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಪಂಚತಂತ್ರದಲ್ಲಿ ನರಿಯು ನರಿಯೇ, ಸಿಂಹವು ಸಿಂಹವೇ, ಜಾತಿಯೇ ಸ್ವಭಾವ. ಅರಸುಮಕ್ಕಳಿಗೆ ನೀತಿ ಹೇಳುವ ಕಥೆಗೆ ಅದು ಸಾಕು. ಕ್ರಾಂತಿಯ ಕಥೆಗೆ ಅದೇ ಅಳತೆಯನ್ನು ಹಿಡಿದರೆ, ಹುಟ್ಟಿನಿಂದಲೇ ಹಂದಿಯಾದವರು, ಹುಟ್ಟಿನಿಂದಲೇ ಕುರಿಯಾದವರು ಇದ್ದಾರೆಂಬ ಭಾವನೆ ಬೆಳೆಯುತ್ತದೆ. ಮನುಷ್ಯರನ್ನು ಹೀಗೆ ಜಾತಿಪ್ರಾಣಿಗಳಂತೆ ವಿಂಗಡಿಸಿದ ದೋಷ ಆ ಕ್ರಾಂತಿಯದೇ. 1918ರ ಸೋವಿಯತ್ ಸಂವಿಧಾನ ಖಾಸಗಿ ವ್ಯಾಪಾರಿಗಳು, ಕೂಲಿಯಾಳುಗಳನ್ನಿಟ್ಟು ಲಾಭ ಪಡೆಯುವವರು, ಧರ್ಮಗುರುಗಳು, ಸನ್ಯಾಸಿಗಳು ಇವರೆಲ್ಲರಿಗೂ ಮತದಾನದ ಹಕ್ಕನ್ನು ನಿರಾಕರಿಸಿತು; ಆ ನಿಷೇಧ ಹೋಗಲು 1936ರ ಸಂವಿಧಾನ ಬರಬೇಕಾಯಿತು. ಆರ್ವೆಲ್ಲನು ಈ ಬಲೆಗೆ ಪೂರ್ತಿಯಾಗಿ ಬೀಳಲಿಲ್ಲ. ಭಾನುವಾರದ ಸಭೆಗಳನ್ನು ನೆಪೋಲಿಯನ್ ರದ್ದುಪಡಿಸಿದಾಗ ಎದ್ದು ಪ್ರತಿಭಟಿಸುವ ನಾಲ್ಕು ಮರಿಗಳೂ ಹಂದಿಯ ಮರಿಗಳೇ. ಮೊದಲು ಕತ್ತು ಸೀಳಿಸಿಕೊಳ್ಳುವವೂ ಅವೇ. ಪಟ್ಟಿ ಮಾಡುವವರು ಈ ನಾಲ್ಕಕ್ಕೆ ಹೆಸರಿಲ್ಲವೆಂದು ಬಿಟ್ಟುಬಿಡುತ್ತಾರೆ.

ಇನ್ನು ಆರ್ವೆಲ್ಲನ ಆ ಪತ್ರದ ಆವರಣ ಚಿಹ್ನೆಯನ್ನೇ ಪ್ರಶ್ನಿಸಬೇಕಾಗಿದೆ. ಹಾಲು ಕಾಣೆಯಾದದ್ದೇ ಕ್ರೋನ್‌ಸ್ಟಾಟ್ ಎಂದಾದರೆ, ಪ್ರಾಣಿಗಳು ಆಗಲೇ ಗಟ್ಟಿಯಾಗಿ ನಿಲ್ಲಬೇಕಿತ್ತೆಂಬ ಮಾತು ನಿಲ್ಲುವುದಿಲ್ಲ. ಏಕೆಂದರೆ ಕ್ರೋನ್‌ಸ್ಟಾಟಿನವರು ಗಟ್ಟಿಯಾಗಿಯೇ ನಿಂತರು, ಪಡಿತರದ ಪ್ರಶ್ನೆಯನ್ನು ಲಿಖಿತವಾಗಿ ಕೇಳಿದರು, ಗುಂಡಿಗೆ ಬಲಿಯಾದರು. ಕಥೆಯಲ್ಲಿ ಹಾಲು ಮೊದಲು, ನಾಯಿಗಳು ಆಮೇಲೆ. ರಷ್ಯದಲ್ಲಿ ನಾಯಿಗಳು ಮೊದಲೇ ಬಂದಿದ್ದವು. ಅಕ್ಟೋಬರ್ ಕ್ರಾಂತಿ ಹೊಸ ಪಂಚಾಂಗದ ಪ್ರಕಾರ 1917ರ ನವೆಂಬರ್ 7ರಂದು. ‘ಚೆಕಾ’ ಎಂಬ ಗುಪ್ತ ಪೊಲೀಸ್ ಪಡೆ ಸ್ಥಾಪಿತವಾದದ್ದು ಡಿಸೆಂಬರ್ 20ರಂದು. ಜನರು ಆರಿಸಿದ ಸಂವಿಧಾನ ಸಭೆಯನ್ನು ಒಂದೇ ಬೈಠಕ್ಕಿನ ನಂತರ ಚದುರಿಸಿದ್ದು 1918ರ ಜನವರಿಯಲ್ಲಿ. ಭಯವಿಲ್ಲದೆ ಲೆಕ್ಕ ಕೇಳಬಹುದಾಗಿದ್ದ ಆ ಒಂದು ಸಂಜೆ ಅಲ್ಲಿ ಆರು ವಾರಗಳಿಗಿಂತ ಹೆಚ್ಚು ಬಾಳಲಿಲ್ಲ. ಕಥೆ ಚರಿತ್ರೆಗಿಂತ ಕ್ರೂರವೆಂದು ದೂರುವವರು ಈ ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಿ. ಕಥೆ ಎಷ್ಟೋ ದಯಾಪರವಾಗಿದೆ.

ವಿಧಿಗಳ ತಿದ್ದುಪಡಿಯ ಪ್ರಕರಣ ಎಲ್ಲರಿಗೂ ಗೊತ್ತಿರುವುದರಿಂದ ವಿಸ್ತರಿಸಬೇಕಾಗಿಲ್ಲ. ರಾತ್ರೋರಾತ್ರಿ ಗೋಡೆಯ ಮೇಲೆ ಒಂದೆರಡು ಪದ ಸೇರುತ್ತದೆ, ನಿಷೇಧ ಅನುಮತಿಯಾಗುತ್ತದೆ. ರಷ್ಯದಲ್ಲಿ 1917ರ ಅಕ್ಟೋಬರಿನ ಸೋವಿಯತ್ ಮಹಾಧಿವೇಶನ ರಣರಂಗದಲ್ಲಿ ಜಾರಿಯಲ್ಲಿದ್ದ ಮರಣದಂಡನೆಯನ್ನು ರದ್ದುಪಡಿಸಿತು. 1918ರಲ್ಲಿ ಮರಣದಂಡನೆ ಮರಳಿ ಬಂದಿತು. ಪಕ್ಷದ ಸದಸ್ಯರಾದ ಅಧಿಕಾರಿಗಳ ಸಂಬಳಕ್ಕಿದ್ದ ಮಿತಿ 1932ರಲ್ಲಿ ಹೋಯಿತು. ಅದಕ್ಕೆ ಮುನ್ನುಡಿಯಾಗಿ 1931ರ ಜೂನಿನಲ್ಲಿ ಸ್ಟಾಲಿನ್ನನು ವೇತನದ ಸಮಾನತೆಯನ್ನೇ ಒಂದು ರೋಗವೆಂಬಂತೆ ಖಂಡಿಸಿದ್ದನು.

ಆದರೆ ಅಂಕಿಗಳ ವಿಷಯದಲ್ಲಿ ತುಸು ನಿಲ್ಲಬೇಕು. ಉತ್ಪಾದನೆ ಶೇಕಡ ಇನ್ನೂರು, ಮುನ್ನೂರು ಏರಿತೆಂದು ಸ್ಕ್ವೀಲರ್ ಕಾಗದದ ಸುರುಳಿ ಹಿಡಿದು ಓದುತ್ತದೆ. ಹೊಟ್ಟೆ ಮಾತ್ರ ಬೇರೆ ಲೆಕ್ಕ ಹೇಳುತ್ತದೆ. ಮೊಟ್ಟೆಗಳನ್ನು ಮಾರಾಟಕ್ಕೆ ಕೊಡಲೊಪ್ಪದ ಕೋಳಿಗಳ ಪಡಿತರ ನಿಲ್ಲಿಸಿದಾಗ ಒಂಬತ್ತು ಕೋಳಿಗಳು ಸಾಯುತ್ತವೆ; ರೋಗದಿಂದ ಸತ್ತವೆಂದು ಪ್ರಕಟಣೆ ಹೊರಡುತ್ತದೆ. ಹೊರಗಿನ ದಲ್ಲಾಳಿ ಬರುವ ದಿನ ಕಣಜದ ಪೆಟ್ಟಿಗೆಗಳಿಗೆ ಮರಳು ತುಂಬಿ ಮೇಲೊಂದು ಪದರ ಧಾನ್ಯ ಹರಡುತ್ತಾರೆ. 1932–33ರಲ್ಲಿ ಉಕ್ರೇನ್, ಕಜಾಕಸ್ತಾನ, ವೋಲ್ಗಾ ಪ್ರದೇಶಗಳಲ್ಲಿ ಲಕ್ಷಾಂತರ ರೈತರು ಹಸಿವಿನಿಂದ ಸಾಯುತ್ತಿದ್ದಾಗ ಧಾನ್ಯದ ರಫ್ತು ನಿಲ್ಲಲಿಲ್ಲ. 1933ರಲ್ಲಿ ಫ್ರಾನ್ಸಿನ ಮಾಜಿ ಪ್ರಧಾನಿ ಎಡ್ವಾರ್ ಎರಿಯೊ ಉಕ್ರೇನನ್ನು ಸುತ್ತಿ ಬಂದು ಬರಗಾಲ ಕಾಣಲಿಲ್ಲವೆಂದು ಸಾಕ್ಷಿ ನುಡಿದನು. ಅವನಿಗೆ ಮೇಲಿನ ಪದರವನ್ನಷ್ಟೇ ತೋರಿಸಿದ್ದರು. 1937ರ ಜನವರಿಯ ಜನಗಣತಿಯಲ್ಲಿ ಸುಮಾರು 16 ಕೋಟಿ 20 ಲಕ್ಷ ಜನರು ಸಿಕ್ಕಿದರು. ಸ್ಟಾಲಿನ್ನನು 1934ರಲ್ಲಿಯೇ 16 ಕೋಟಿ 80 ಲಕ್ಷವೆಂದು ಸಾರಿದ್ದನು. ಗಣತಿಯನ್ನೇ ರದ್ದುಗೊಳಿಸಿ ಗಣತಿದಾರರ ಮುಖಂಡರನ್ನು ಬಂಧಿಸಲಾಯಿತು, ಕೆಲವರನ್ನು ಕೊಲ್ಲಲಾಯಿತು. 1939ರ ಹೊಸ ಗಣತಿ 17 ಕೋಟಿ ಎಂದಿತು. ಗುಮಾಸ್ತರ ತಲೆ ತೆಗೆದು ಶಿಲ್ಕು ಸರಿಮಾಡಿದ ಈ ಖಾತೆಯನ್ನು ಯಾವ ಲೆಕ್ಕಪರಿಶೋಧಕನು ಪ್ರಮಾಣೀಕರಿಸಬೇಕು?

ಎದುರಾಳಿಯ ಲೆಕ್ಕವನ್ನೂ ಶುದ್ಧವಾಗಿ ಬರೆಯಬೇಕೆಂಬ ನಿಷ್ಠೆ ಆರ್ವೆಲ್ಲನಲ್ಲಿತ್ತೆಂಬುದಕ್ಕೆ ಒಂದು ಸಣ್ಣ ನಿದರ್ಶನ ಸಾಕು. ಗಾಳಿಯಂತ್ರವನ್ನು ಶತ್ರುಗಳು ಸಿಡಿಸಿದಾಗ ನೆಪೋಲಿಯನ್ ಸಹಿತ ಎಲ್ಲ ಪ್ರಾಣಿಗಳೂ ನೆಲಕ್ಕೆ ಬಿದ್ದವೆಂದು ಮೊದಲು ಬರೆದಿದ್ದನು. 1945ರ ಮಾರ್ಚಿನಲ್ಲಿ ಪ್ಯಾರಿಸಿನಿಂದ ಪ್ರಕಾಶಕರಿಗೆ ಪತ್ರ ಬರೆದು, ನೆಪೋಲಿಯನ್ ಹೊರತು ಉಳಿದವೆಲ್ಲ ಬಿದ್ದವೆಂದು ತಿದ್ದಿಸಿದನು. ಜರ್ಮನ್ ಸೈನ್ಯ ಸಮೀಪಿಸಿದಾಗ ಸ್ಟಾಲಿನ್ನನು ಮಾಸ್ಕೋ ಬಿಟ್ಟು ಹೋಗಲಿಲ್ಲ; ಅಷ್ಟು ನ್ಯಾಯ ಅವನಿಗೆ ಸಲ್ಲಬೇಕೆಂಬುದು ಕಾರಣ. ಪುಸ್ತಕ 1945ರ ಆಗಸ್ಟ್ 17ರಂದು ಹೊರಬಂದಿತು.

ಇಷ್ಟು ನಿಷ್ಠೆಯನ್ನು ಅವನ ಹೆಸರಿನಲ್ಲಿ ಪ್ರಚಾರ ನಡೆಸಿದವರು ತೋರಲಿಲ್ಲ. ಕಥೆಯ ಕೊನೆಯಲ್ಲಿ ಹಂದಿಗಳೂ ನೆರೆಯ ಜಮೀನುದಾರರೂ ಒಂದೇ ಮೇಜಿಗೆ ಕುಳಿತು ಇಸ್ಪೀಟಾಡುತ್ತಾರೆ. ಕಿಟಕಿಯಿಂದ ಇಣುಕುವ ಪ್ರಾಣಿಗಳಿಗೆ ಮುಖಗಳ ವ್ಯತ್ಯಾಸ ತಿಳಿಯದಾಗುತ್ತದೆ. 1943ರ ಕೊನೆಯಲ್ಲಿ ತೆಹರಾನಿನಲ್ಲಿ ಸ್ಟಾಲಿನ್, ಚರ್ಚಿಲ್, ರೂಸ್‌ವೆಲ್ಟ್ ಕೈಕುಲುಕಿದ ಸಮ್ಮೇಳನವನ್ನು ಮನಸ್ಸಿನಲ್ಲಿಟ್ಟು ಬರೆದ ದೃಶ್ಯವಿದು. ಅದರಲ್ಲಿ ಮನುಷ್ಯರ ಮೇಲೂ ಅಷ್ಟೇ ಆರೋಪವಿದೆ. 1954ರಲ್ಲಿ ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ಗುಟ್ಟಾಗಿ ಹಣ ಒದಗಿಸಿ ತಯಾರಾದ ವ್ಯಂಗ್ಯಚಿತ್ರ ಸಿನಿಮಾದಲ್ಲಿ ಆ ಮೇಜಿನಿಂದ ಮನುಷ್ಯರನ್ನು ಎಬ್ಬಿಸಲಾಯಿತು; ಹಂದಿಗಳು ಮಾತ್ರ ಉಳಿದವು; ಪ್ರಾಣಿಗಳು ಎರಡನೆಯ ಸಲ ದಂಗೆಯೆದ್ದು ಅವುಗಳನ್ನು ಮುಗಿಸುವಂತೆ ಕಥೆಯನ್ನು ತಿದ್ದಲಾಯಿತು. ಗೋಡೆಯ ಮೇಲಿನ ವಿಧಿಗಳನ್ನು ತಿದ್ದುವುದನ್ನು ಖಂಡಿಸಿದ ಕಥೆಯನ್ನೇ, ಅದರ ಹಿತೈಷಿಗಳೆಂದುಕೊಂಡವರು, ರಾತ್ರಿಯ ಏಣಿ ಹಾಕಿ ತಿದ್ದಿದರು. ಆರ್ವೆಲ್ಲನು ಅದನ್ನು ನೋಡಲು ಇರಲಿಲ್ಲ. 1950ರ ಜನವರಿಯಲ್ಲಿ ತೀರಿಕೊಂಡಿದ್ದನು.

ಆದರೆ ಆ ಮೇಜಿನ ದೃಶ್ಯ ನಿಜವಾಗಿ ನಡೆದುದನ್ನು ಅವನು ಬದುಕಿದ್ದಾಗಲೇ ಕೇಳಿ ತಿಳಿದನು. ಯುದ್ಧಾನಂತರದ ಜರ್ಮನಿಯ ನಿರಾಶ್ರಿತ ಶಿಬಿರಗಳಲ್ಲಿದ್ದ ಉಕ್ರೇನಿಯನ್ನರಿಗಾಗಿ 1947ರಲ್ಲಿ ಕಥೆಯ ಉಕ್ರೇನಿಯನ್ ಅನುವಾದ ಅಚ್ಚಾಯಿತು. ಆರ್ವೆಲ್ಲನು ಅದಕ್ಕೊಂದು ವಿಶೇಷ ಮುನ್ನುಡಿ ಬರೆದುಕೊಟ್ಟಿದ್ದನು. ಆ ಓದುಗರು ಕಥೆಯ ಕೋಳಿಗಳೂ ಕುದುರೆಗಳೂ ಯಾರೆಂದು ಪಟ್ಟಿ ಮಾಡಿ ತಿಳಿಯಬೇಕಾದವರಲ್ಲ. ಮ್ಯೂನಿಕ್ಕಿನಲ್ಲಿ ಅಮೆರಿಕದ ಅಧಿಕಾರಿಗಳು ಸುಮಾರು 1,500 ಪ್ರತಿಗಳನ್ನು ವಶಪಡಿಸಿಕೊಂಡು, ನಿರಾಶ್ರಿತರನ್ನು ಸ್ವದೇಶಕ್ಕೆ ಕೊಂಡೊಯ್ಯಲು ಬಂದಿದ್ದ ಸೋವಿಯತ್ ಅಧಿಕಾರಿಗಳ ಕೈಗೆ ಒಪ್ಪಿಸಿದರು. ಅದಕ್ಕೆ ಮೊದಲೇ ಸುಮಾರು 2,000 ಪ್ರತಿಗಳು ಶಿಬಿರಗಳಲ್ಲಿ ಹಂಚಿಹೋಗಿದ್ದವು.